ಹೌದೆನ್ನುವ ಕುದುರೆ

ಹೊಸ ಕುದುರೆ ಬಂದ ಸಂಜೆ ಮನೆಯವರೆಲ್ಲ ಅಂಗಳದಲ್ಲಿ ಸೇರಿದ್ದರು, ಹಿರಿಸೊಸೆಯೊಬ್ಬಳನ್ನು ಬಿಟ್ಟು. ಅವಳು ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. ಬಂದಮೇಲೆ ನೋಡಿದರಾಯಿತು, ಕುದುರೆಯೇನು ಓಡಿಹೋಗುತ್ತದೆಯೇ ಎಂದುಕೊಂಡಿದ್ದಳು. ಅಷ್ಟರಲ್ಲಿ ಓಣಿಯ ಕಲ್ಲುಹಾಸಿನ ಮೇಲೆ ಲಾಳದ ಸದ್ದು ಕೇಳಿಸಿತು. ಮೂರು ಹೆಜ್ಜೆ ಗಟ್ಟಿ, ಒಂದು ಮೆತ್ತಗೆ. ಮತ್ತೆ ಮೂರು ಗಟ್ಟಿ, ಒಂದು ಮೆತ್ತಗೆ. ಆ ಮೆತ್ತನೆಯ ಹೆಜ್ಜೆ ಬೀಳಲೋ ಬೇಡವೋ ಎಂದು ನೆಲವನ್ನು ಕೇಳಿಕೊಂಡು ಬೀಳುವ ಹಾಗಿತ್ತು.

ಅವಳು ಚಾಕು ಕೆಳಗಿಟ್ಟು ಎದ್ದಳು. ಮೇಲಿನ ಹಲಗೆಗೆ ಕೈಚಾಚಿ, ಪಾತ್ರೆಗಳ ಹಿಂದೆ ಸರಿಸಿಟ್ಟಿದ್ದ ಅಂಚು ನೆಗ್ಗಿದ ತಟ್ಟೆಯನ್ನು ತೆಗೆದಳು. ಧೂಳು ಒರೆಸಿ ಊಟದ ಮೇಜಿನ ಮೇಲಿಟ್ಟಳು.

"ಅಕ್ಕ," ಎಂದಳು ಅವಳನ್ನು ಕರೆಯಲು ಬಂದ ಕಿರಿಸೊಸೆ. "ಅದು ಭಾವನ ತಟ್ಟೆ ಅಲ್ವಾ?"

ಹಿರಿಸೊಸೆ ತಟ್ಟೆಯನ್ನು ನೋಡಿದಳು. ಅದು ಅಲ್ಲಿಗೆ ಹೇಗೆ ಬಂತೆಂದು ಅವಳಿಗೇ ತಿಳಿಯಲಿಲ್ಲ.

"ತೊಳೆದಿಡೋಣ ಅಂತ ತೆಗೆದೆ," ಎಂದಳು.

"ಈಗ? ಬನ್ನಿ ಬನ್ನಿ, ಕುದುರೆ ನೋಡಿ. ನಿಮ್ಮ ಮೈದುನ ರಾಜಕುಮಾರನ ಹಾಗೆ ಬಂದಿದಾರೆ."

ಅವಳ ಗಂಡ, ಆ ಮನೆಯ ಹಿರಿಮಗ, ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಹಿಟ್ಟಿನ ಗಿರಣಿಯಿಂದ ಹಳೇ ಪೇಟೆಯ ಬೇಕರಿಗಳಿಗೆ ಗಾಡಿಯಲ್ಲಿ ಮೂಟೆ ಸಾಗಿಸುವುದು ಆ ಮನೆಯವರ ಕೆಲಸ. ಲಾರಿ ನುಗ್ಗದ ಓಣಿಗಳು ಇರುವತನಕ ಕುದುರೆಗಾಡಿಗೆ ಕೆಲಸವಿತ್ತು. ಅಣ್ಣನ ಕಾಲದಲ್ಲಿ ಅವನು ಹೊಡೆಯುತ್ತಿದ್ದ ಗಾಡಿಯನ್ನು ಈಗ ತಮ್ಮ ಹೊಡೆಯುತ್ತಿದ್ದ. ಅಣ್ಣ ಹೋದಮೇಲೆ ಕೊಂಡಿದ್ದ ಕುದುರೆ ಮುದಿಯಾಗಿ ಸತ್ತು, ತಿಂಗಳುಗಟ್ಟಲೆ ಬಾಡಿಗೆ ಕುದುರೆಯಲ್ಲಿ ತಳ್ಳಿ, ಈಗ ಇದು ಬಂದಿತ್ತು.

ಅಂಗಳದಲ್ಲಿ ನಿಂತಿದ್ದುದು ಹೆಣ್ಣು ಕುದುರೆ. ಹಾಲಿನ ಹಾಗೆ ಬಿಳುಪು. ಅತ್ತೆ ಅದರ ಹಣೆ ಸವರುತ್ತ ಬಾಯ್ತುಂಬ ನಗುತ್ತಿದ್ದಳು.

"ಹೆಸರು ಬೆಳ್ಳಿ ಅಂತ ಇಟ್ಟಿದೀನಿ," ಎಂದಳು. "ನೋಡು ಹಿರಿಯವಳೇ, ಎಂಥಾ ಲಕ್ಷಣ! ದೊಡ್ಡವನು ಹೋದಮೇಲೆ ಮಾರಿದ್ವಲ್ಲ, ಆ ಹಳೇ ಪೀಡೆ, ಮಸಿ, ಅದರ ಮುಖ ನೋಡಿದ್ರೇ ಮನೆ ಕತ್ತಲಾಗೋದು. ಇದು ನೋಡು, ಬಂದ ಕೂಡಲೆ ಅಂಗಳ ಬೆಳಕಾಯ್ತು."

"ಟೀ ಅಂಗಡಿ ಮುಂದೆ ನಿಲ್ಲಿಸಿ ಎಲ್ರಿಗೂ ತೋರಿಸ್ದೆ," ಎಂದ ಮೈದುನ. "ಒಬ್ಬೊಬ್ಬನೂ ಹೊಟ್ಟೆ ಉರ್ಕೊಂಡ. ಅತ್ತಿಗೆ, ಹೇಗಿದೆ?"

"ಎಲ್ಲಿ ನೋಡಿ ಕೊಂಡೆ?"

"ಸಂತೆ ಮೈದಾನದಲ್ಲಿ. ನಾನು ಹೋದಾಗ ಆಗ್ಲೇ ವ್ಯಾಪಾರಿ ಓಡಾಡಿಸ್ತಾ ಇದ್ದ. ಹುಲ್ಲಿನ ಮೇಲೆ ಏನು ನಡಿಗೆ ಅಂತೀರಿ, ನೀರಿನ ಮೇಲೆ ದೋಣಿ ಹೋದ ಹಾಗೆ."

ಹಿರಿಸೊಸೆ ಒಲೆಯ ಮೇಲೆ ಏನೋ ಸೀದ ವಾಸನೆ ಬಂತೆಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಬೂಸಾ ಕಲಸಿಕೊಂಡು ಲಾಯಕ್ಕೆ ಅವಳೇ ಹೋದಳು. ಕುದುರೆ ಎಡ ಮುಂಗಾಲನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಉಳಿದ ಕಾಲುಗಳ ಮೇಲೆ ಹಾಕಿ ನಿಂತಿತ್ತು. ಅವಳು ಬಕೆಟ್ ಕೆಳಗಿಟ್ಟು ಬಗ್ಗಿ, ಗೊರಸಿನ ಮೇಲಿನ ಗಂಟನ್ನು ಅಂಗೈಯಿಂದ ಹಿಡಿದಳು. ಒಳಮಗ್ಗುಲಲ್ಲಿ ಅಡಿಕೆಗಿಂತ ದೊಡ್ಡದೊಂದು ಗುಬಟು, ಕಲ್ಲಿನ ಹಾಗೆ. ತಣ್ಣಗಿತ್ತು.

ಹೀಗೆ ಹಿಡಿಯುವುದನ್ನು ಗಂಡನೇ ಕಲಿಸಿದ್ದ. ಮದುವೆಯಾದ ಹೊಸದರಲ್ಲಿ ಇದೇ ಲಾಯದಲ್ಲಿ, ಅವಳ ಕೈಯನ್ನು ತನ್ನ ಕೈಯೊಳಗೆ ಹಿಡಿದು, ಮಸಿಯ ಕಾಲ ಮೇಲಿಟ್ಟು ಹೇಳಿದ್ದ: "ಬಿಸಿ ಇದ್ರೆ ಹೊಸ ನೋವು. ತಣ್ಣಗಿದ್ರೆ ಹಳೇದು. ಇವಳು ಚಿಕ್ಕವಳಿದ್ದಾಗ ಚರಂಡಿ ಸರಳಿನೊಳಗೆ ಕಾಲು ಸಿಕ್ಕಿ ತಿರುಚಿಕೊಂಡಿದ್ಲು. ವಾಸಿಯಾಯ್ತು, ಆದರೆ ಗುಬಟು ಹೋಗಲಿಲ್ಲ. ನಿಂತು ತಣ್ಣಗಾದ್ರೆ ಕುಂಟ್ತಾಳೆ, ನಡೆದು ಬಿಸಿಯಾದ್ರೆ ಮರೀತಾಳೆ."

ಬಣ್ಣದ ಬಗ್ಗೆಯೂ ಅವನೇ ಹೇಳಿದ್ದ. "ಈ ಮಸಿಬಣ್ಣ ಇರೋತನಕ ನೋಡ್ಕೋ. ಈ ಥರದ ಕುದುರೆ ಹುಟ್ಟುವಾಗ ಕಪ್ಪು, ವಯಸ್ಸಾದ ಹಾಗೆ ನರೆತು ಬೆಳ್ಳಗಾಗುತ್ತೆ. ನಾವು ಮೂವರೂ ಒಟ್ಟಿಗೇ ನರೆಯೋಣ ಬಿಡು."

ಕುದುರೆ ಬೂಸಾ ಬಿಟ್ಟು ಅವಳ ತೋಳಿಗೆ ಮೂತಿ ಇಟ್ಟು ಬಿಸಿಯುಸಿರು ಬಿಟ್ಟಿತು. ಅವಳು ತಟ್ಟನೆ ಎದ್ದು ನಿಂತಳು.

ಹೇಳಿದರೆ ಏನಾಗುತ್ತದೆಂಬುದು ಅವಳಿಗೆ ಗೊತ್ತಿತ್ತು. ಅತ್ತೆಯ ಬಾಯಲ್ಲಿ ಈ ಹನ್ನೆರಡು ವರ್ಷವೂ ಒಂದೇ ಮಾತು, ಆ ಕುದುರೆ ಕೆರಳಿ ಓಡಿ ನನ್ನ ಮಗನನ್ನು ಕೆಡವಿ ಕೊಂದಿತು ಎಂದು. ಮಸಿ ತಿರುಗಿ ಬಂದಿದ್ದಾಳೆಂದು ತಿಳಿದರೆ ಆ ಮುದುಕಿ ಅವಳನ್ನು ಒಂದು ಹೊತ್ತೂ ಇಟ್ಟುಕೊಳ್ಳುವುದಿಲ್ಲ. ಮುದಿಯಾದ, ಕುಂಟುವ ಕುದುರೆಯನ್ನು ಚರ್ಮ ಸುಲಿಯುವವನಲ್ಲದೆ ಬೇರೆ ಯಾರು ಒಯ್ದಾರು?

ಅವಳು ಹೇಳಲಿಲ್ಲ.

ವಾರಗಳು ಕಳೆದವು. ಮನೆಯಲ್ಲಿ ಎಂದೂ ಇಲ್ಲದ ಗೆಲುವು. ಅತ್ತೆ ಎರಡು ಸಲ ಬಡಿಸಿಕೊಂಡು ಉಣ್ಣತೊಡಗಿದಳು. ಬೇಕರಿಯವರು ಕೊಟ್ಟ ಮುರಿದ ಬ್ರೆಡ್ಡಿನಲ್ಲಿ ಮೊದಲ ತುಂಡು ಈಗ ಬೆಳ್ಳಿಗೆ ಹೋಗುತ್ತಿತ್ತು.

"ಅಜ್ಜಿ, ನಂಗೆ?" ಎಂದು ಹಿರಿಸೊಸೆಯ ಮಗಳು ಜಗಳ ತೆಗೆಯುತ್ತಿದ್ದಳು. ಬಾಯಿ ಮುಚ್ಚದ ಹುಡುಗಿಯಾದ್ದರಿಂದ ಮನೆಯವರೆಲ್ಲ ಅವಳನ್ನು ಗಿಣಿ ಎನ್ನುತ್ತಿದ್ದರು. ಅಪ್ಪ ಹೋದಾಗ ಅವಳಿನ್ನೂ ಹುಟ್ಟಿರಲಿಲ್ಲ.

"ನೀನು ಗಾಡಿ ಎಳೀತೀಯಾ?"

"ನಾನು ಸ್ಕೂಲ್ ಬ್ಯಾಗ್ ಎಳೀತೀನಿ. ಗಾಡಿಗಿಂತ ಭಾರ."

ಅಜ್ಜಿ ನಕ್ಕು ಅವಳಿಗೂ ಒಂದು ತುಂಡು ಕೊಡುತ್ತಿದ್ದಳು. ಹಿಂದೆಲ್ಲ ಹೀಗೆ ಎದುರುತ್ತರ ಕೊಟ್ಟರೆ ತಲೆಗೊಂದು ಮೊಟಕುತ್ತಿದ್ದಳು.

ಆ ಆಟ ಶುರುವಾದದ್ದೂ ಆಗಲೇ. ಬೆಳಿಗ್ಗೆ ಲಾಯದಿಂದ ಗಾಡಿಯವರೆಗೆ ಕುದುರೆಯನ್ನು ನಡೆಸುವಾಗ ಅದು ಹೆಜ್ಜೆಗೊಮ್ಮೆ ತಲೆಯಾಡಿಸುತ್ತಿತ್ತು. ಮೇಲೆ, ಕೆಳಗೆ. ಮೇಲೆ, ಕೆಳಗೆ. ಅತ್ತೆ ಅದನ್ನು ಕಂಡುಹಿಡಿದು ಸಂಭ್ರಮಪಟ್ಟಳು.

"ನೋಡ್ರೋ, ಮಾತಾಡಿಸಿದ್ರೆ ಹೌದು ಹೌದು ಅಂತಾಳೆ! ಬೆಳ್ಳೀ, ಹೊಟ್ಟೆ ತುಂಬ್ತಾ?"

ಕುದುರೆ ತಲೆಯಾಡಿಸಿತು.

"ಕಿರಿಯವಳು ಬೂಸಾದಲ್ಲಿ ಕೈ ಬಿಗಿ ಹಿಡಿದ್ಲಾ?"

ಕುದುರೆ ತಲೆಯಾಡಿಸಿತು.

"ಅಯ್ಯೋ, ಕುದುರೆ ಮುಂದೆಯೂ ನನ್ನ ಮೇಲೆ ದೂರಾ ಅತ್ತೆ!" ಎಂದು ಕಿರಿಸೊಸೆ ಕೂಗಿದಳು. ಎಲ್ಲರೂ ನಕ್ಕರು. ಹಿರಿಸೊಸೆ ಬಟ್ಟೆ ಹಿಂಡುತ್ತ ಬೆನ್ನು ತಿರುಗಿಸಿದಳು.

ಸಂಜೆಯಾದರೆ ಅವಳಿಗೆ ಬೇರೆಯದೇ ಪಾಡು. ಗಿರಣಿಯ ಮುಂದೆ ಲೆಕ್ಕ ಮುಗಿಯುವವರೆಗೆ ನಿಂತು ತಣ್ಣಗಾದ ಕುದುರೆ ಮನೆಗೆ ಬರುವಾಗ ಓಣಿಯಲ್ಲಿ ಅದೇ ಸದ್ದು. ಹಿಂದೆ ಆ ಸದ್ದು ಕೇಳಿದ ಮೇಲೆಯೇ ಅವಳು ಬಾಣಲೆ ಇಡುತ್ತಿದ್ದುದು. ಅವನು ಕೈಕಾಲು ತೊಳೆಯುವಷ್ಟರಲ್ಲಿ ಬಿಸಿಯಾಗಿರಲೆಂದು. ಕೊನೆಯ ಸಲವೂ ಹಾಗೆಯೇ ಸದ್ದು ಬಂತು, ಬಾಣಲೆ ಇಟ್ಟಳು, ತಟ್ಟೆ ಹಾಕಿದಳು. ಹೊರಗೆ ಬಂದು ನೋಡಿದರೆ ಮೂಕಿಮರ ಮುರಿದ ಗಾಡಿ ಎಳೆದುಕೊಂಡು ಕುದುರೆಯೊಂದೇ ನಿಂತಿತ್ತು.

ಈಗಲೂ ಸದ್ದು ಕೇಳಿದ ಕೂಡಲೆ ಕೈ ಹಲಗೆಗೆ ಹೋಗುತ್ತಿತ್ತು. ಕೆಲವು ಸಂಜೆ ತಡೆದುಕೊಳ್ಳುತ್ತಿದ್ದಳು. ಕೆಲವು ಸಂಜೆ ತಟ್ಟೆ ಹಾಕಿ, ಮೈದುನನ ದನಿ ಕೇಳಿದ ಮೇಲೆ ಎತ್ತಿಡುತ್ತಿದ್ದಳು.

"ಅಮ್ಮಾ, ಯಾರಾದ್ರೂ ಬರ್ತಾರಾ?" ಎಂದು ಗಿಣಿ ಒಂದು ದಿನ ಕೇಳಿದಳು. "ಒಂದು ತಟ್ಟೆ ಜಾಸ್ತಿ ಇದೆ."

"ಎಣಿಕೆ ತಪ್ತು."

"ದಿನಾ ತಪ್ಪುತ್ತಾ?"

"ತಿನ್ನು ಸುಮ್ನೆ."

ಒಂದು ಇಳಿಹೊತ್ತು ಅವಳು ಒಣಗಿದ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದಾಗ, ಅತ್ತೆ ಒಬ್ಬಳೇ ಕುದುರೆಯನ್ನು ನೀರಿನ ತೊಟ್ಟಿಗೆ ನಡೆಸಿಕೊಂಡು ಹೋಗುತ್ತಿದ್ದಳು. ಯಾರೂ ಇಲ್ಲವೆಂದುಕೊಂಡಿದ್ದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ನೀನು ಊರೂರು ತಿರುಗಿದವಳು. ನನ್ನ ದೊಡ್ಡ ಮಗನ್ನ ಎಲ್ಲಾದ್ರೂ ನೋಡಿದ್ದೀಯಾ?"

ಕುದುರೆ ತಲೆ ಮೇಲೆತ್ತಿತು, ಇಳಿಸಿತು.

"ಚೆನ್ನಾಗಿದಾನಾ?"

ಮೇಲೆತ್ತಿತು, ಇಳಿಸಿತು.

ಅತ್ತೆ ಕುದುರೆಯ ಕೊರಳಿಗೆ ಹಣೆ ಒತ್ತಿ ನಿಂತಳು. ಹಿರಿಸೊಸೆ ಒಣಗಿದ ಹೊದಿಕೆಯ ಹಿಂದೆ ಕದಲದೆ ನಿಂತಳು. ಅದು ಸುಳ್ಳೆನ್ನಲು ಅವಳಿಂದಾಗದು. ಈ ಕುದುರೆ ಅವನನ್ನು ನೋಡಿತ್ತು. ಎಲ್ಲರಿಗಿಂತ ಕೊನೆಗೆ ನೋಡಿದ್ದು ಅದೇ.

ಹೀಗೆಯೇ ನಡೆದುಹೋಗುತ್ತಿತ್ತೋ ಏನೋ. ಆದರೆ ಒಂದು ದಿನ ಊಟಕ್ಕೆ ಕೂತಾಗ ಮೈದುನ ಸುದ್ದಿ ತಂದ.

"ಗಿರಣಿಯವರು ಇಳಿಜಾರಿನ ಕೆಳಗೆ ಹೊಸ ಗೋದಾಮು ಮಾಡಿದಾರೆ. ಸೋಮವಾರದಿಂದ ಅಲ್ಲಿಗೂ ಮೂಟೆ ನಾವೇ ಸಾಗಿಸೋದು. ಒಪ್ಪಿಕೊಂಡು ಬಂದೆ."

ಬಡಿಸುತ್ತಿದ್ದ ಹಿರಿಸೊಸೆಯ ಸೌಟು ಅಲ್ಲೇ ನಿಂತಿತು. "ಯಾವ ಇಳಿಜಾರು?"

ಯಾವುದೆಂದು ಮನೆಯಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ಅಣ್ಣ ಸತ್ತದ್ದು ಅಲ್ಲೇ.

"ಎಷ್ಟು ದಿನ ಆ ರಸ್ತೆ ತಪ್ಪಿಸ್ಕೊಂಡು ಓಡಾಡೋದು ಅತ್ತಿಗೆ? ಆಗಿನ ಕುದುರೆ ಬೇರೆ, ಇದು ಬೇರೆ."

"ಗಿಣೀ ಸ್ಕೂಲೂ ಆ ಕಡೇನೇ," ಎಂದಳು ಕಿರಿಸೊಸೆ. "ಗಾಡೀಲೇ ಕೂರಿಸ್ಕೊಂಡು ಹೋಗಬಹುದು."

"ಹೈ!" ಎಂದಳು ಗಿಣಿ.

"ಅಷ್ಟು ಭಾರ ಇಳಿಜಾರಲ್ಲಿ ಮುಂಗಾಲಿನ ಮೇಲೆ ಬೀಳುತ್ತೆ," ಎಂದಳು ಹಿರಿಸೊಸೆ. "ನೀನಾದ್ರೂ ಇಳಿದು ನಡೀತೀಯಾ?"

ಮೈದುನ ನಕ್ಕ. "ಕುದುರೆ ಕೊಂಡಿರೋದು ನಾನು ನಡೆಯೋಕಾ?"

ಮರುದಿನ ಭಾನುವಾರ. ಬೆಳಿಗ್ಗೆ ಚಳಿಯಿತ್ತು. ಮೈದುನ ಟೀ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ಹಿರಿಸೊಸೆ ಲಾಯದಿಂದ ಕುದುರೆಯನ್ನು ಬಿಚ್ಚಿ ತಂದು ಅಂಗಳದ ಕಲ್ಲುಹಾಸಿನ ಮೇಲೆ ನಿಲ್ಲಿಸಿದಳು. ಆ ಮನೆಯಲ್ಲಿ ಅವಳು ಹಗ್ಗ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ.

"ಏನ್ ಅತ್ತಿಗೆ, ಸಂತೆಗೆ ಹೊರಟ್ರಾ?"

"ಇಲ್ಲಿ ಬಾ. ಇವಳನ್ನ ಸಣ್ಣ ಓಟದಲ್ಲಿ ಸುತ್ತಿಸು. ಎಡಕ್ಕೆ. ಸುತ್ತು ಚಿಕ್ಕದಿರಲಿ."

"ಯಾಕೆ?"

"ಸುತ್ತಿಸು, ಹೇಳ್ತೀನಿ."

ಅವನು ಗೊಣಗುತ್ತ ಹಗ್ಗ ಹಿಡಿದ. ಮೊದಲ ಸುತ್ತಿಗೇ ಅವನ ಮುಖ ಬದಲಾಯಿತು. ಸಡಿಲ ಹಗ್ಗದಲ್ಲಿ, ಗಟ್ಟಿ ಕಲ್ಲಿನ ಮೇಲೆ, ತಣ್ಣಗಿನ ಕಾಲಲ್ಲಿ ಕುದುರೆ ಏನನ್ನೂ ಮುಚ್ಚಿಡಲಾರದೆ ಹೋಯಿತು. ಎಡಗಾಲು ನೆಲ ಮುಟ್ಟಿದಾಗಲೆಲ್ಲ ತಲೆ ಮೇಲಕ್ಕೆ ಚಿಮ್ಮುತ್ತಿತ್ತು. ಬಲಗಾಲು ಬಿದ್ದಾಗ ತಲೆ ಧೊಪ್ಪನೆ ಇಳಿಯುತ್ತಿತ್ತು.

"ಬಲಕ್ಕೆ ತಿರುಗಿಸು," ಎಂದಳು. ಬಲಕ್ಕೆ ಸ್ವಲ್ಪ ಕಡಿಮೆಯಾಯಿತು.

"ಥೂ!" ಎಂದ ಮೈದುನ. "ಕುಂಟು! ಹಾಳಾದವನು ಬಿಸಿ ಮಾಡಿ ಮಾರಿದಾನೆ!"

ಅತ್ತೆ ಒಳಗಿನಿಂದ ಬ್ರೆಡ್ ತುಂಡು ಹಿಡಿದು ಬಂದಳು. "ಯಾಕೋ ನನ್ನ ಬೆಳ್ಳೀನ ಬೈತಿದೀಯ? ನೋಡು, ಹೇಗೆ ಹೌದು ಹೌದು ಅಂತಿದಾಳೆ."

ಹಿರಿಸೊಸೆ ಈ ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು ಸುತ್ತ ನೋಡಿದಳು. ಹೇಳುವವರು ಯಾರೂ ಇರಲಿಲ್ಲ.

"ಹೌದು ಅಂತಿಲ್ಲ ಅತ್ತೆ. ನೋವಿರೋ ಕಾಲು ಊರುವಾಗ ಭಾರ ಬೀಳದ ಹಾಗೆ ತಲೆ ಎತ್ತುತ್ತಾಳೆ. ಒಳ್ಳೇ ಕಾಲು ಊರಿದಾಗ ಇಳಿಸ್ತಾಳೆ. ಅಷ್ಟೇ."

ಅತ್ತೆಯ ಕೈಯಲ್ಲಿದ್ದ ಬ್ರೆಡ್ ತುಂಡು ಅಲ್ಲೇ ಉಳಿಯಿತು.

"ಅಷ್ಟೇನಾ?"

"ಅಷ್ಟೇ."

"ಇಷ್ಟು ದಿನ ನಾನು ಏನೇನೋ ಕೇಳಿದ್ನಲ್ಲ..."

ಮುದುಕಿ ಬಗ್ಗಿದಳು. ಮೊಣಕಾಲು ಹಿಡಿದುಕೊಂಡು, ಮೆಲ್ಲನೆ ನೆಲಕ್ಕೆ ಕೂತು, ಕುದುರೆಯ ಎಡಗಾಲನ್ನು ಮುಟ್ಟಿದಳು. ಬೆರಳು ಗುಬಟಿನ ಮೇಲೆ ಹೋಗಿ ನಿಂತಿತು. ಆ ಕಾಲಿಗೆ ಒಂದು ಕಾಲದಲ್ಲಿ ಬಿಸಿ ಪಟ್ಟಿ ಕಟ್ಟಿದವಳು ಅವಳೇ. ಚರಂಡಿಯಿಂದ ಎತ್ತಿ ತಂದ ಮರಿಗೆ, ಮಗ ಅಳುತ್ತಾನೆಂದು.

"ಇದು ಅದೇ," ಎಂದಳು. ತಲೆಯೆತ್ತಿ ಸೊಸೆಯನ್ನು ನೋಡಿದಳು. "ನಿನಗೆ ಯಾವಾಗಿಂದ ಗೊತ್ತು?"

"ಬಂದ ಸಂಜೆಯಿಂದ. ಸದ್ದು ಕೇಳಿದೆ."

"ನನ್ನ ಮಗನ್ನ ಕೆಡವಿ ಓಡಿದ್ದಕ್ಕೆ ನಾನು ಬ್ರೆಡ್ ತಿನ್ನಿಸಿದ್ನಾ! ಬಾಯಿ ಬಿಡದೆ ನೋಡ್ತಾ ನಿಂತೆಯಾ?"

"ಕೆಡವಲಿಲ್ಲ ಅತ್ತೆ. ಇಳಿಜಾರಲ್ಲಿ ಅವರು ಯಾವತ್ತೂ ಗಾಡಿ ಮೇಲೆ ಕೂತವರಲ್ಲ. ಇವಳ ಕಾಲಿಗೆ ಭಾರವಾಗುತ್ತೆ ಅಂತ ಇಳಿದು, ಎಡಗಡೆ ಹೆಗಲು ಕೊಟ್ಟು ನಡೀತಿದ್ರು. ಲಾರಿ ಬಡಿದಿದ್ದು ನಡೀತಿದ್ದವರಿಗೆ. ಆಗ ಹೇಳಿದ್ದೆ. ನೀವು ಕೇಳಿಸ್ಕೊಳ್ಳೋ ಸ್ಥಿತೀಲಿ ಇರಲಿಲ್ಲ."

"ಹಾಗಾದ್ರೆ ಈ ಕಾಲಿಗೋಸ್ಕರವೇ ಹೋದ."

ಅತ್ತೆ ಬ್ರೆಡ್ ತುಂಡನ್ನು ನೆಲಕ್ಕೆ ಹಾಕಿ ಎದ್ದು ಒಳಗೆ ಹೋದಳು.

ಇಳಿಜಾರಿನ ಕೆಲಸ ಕೈತಪ್ಪಿತು. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತು. ಅತ್ತೆ ಗಂಜಿ ಮುಟ್ಟದೆ ಎದ್ದು ಹೋಗುವಳು. ಕಿರಿಸೊಸೆ ಪಾತ್ರೆಗಳನ್ನು ಸದ್ದು ಮಾಡಿ ಇಡುವಳು.

"ಅಕ್ಕ ಮೊದಲೇ ಹೇಳಿದ್ರೆ ಅವತ್ತೇ ವಾಪಸ್ ಕೊಡಬಹುದಿತ್ತು. ಈಗ ಆ ವ್ಯಾಪಾರಿ ಎಲ್ಲಿದಾನೋ."

"ವ್ಯಾಪಾರಿ ಯಾಕೆ?" ಎಂದ ಮೈದುನ. "ಸಂತೆ ಇದೆಯಲ್ಲ. ಬೆಳಿಗ್ಗೆ ಬೇಗ ಹೊಲದ ಮಣ್ಣಲ್ಲಿ ನಾಲ್ಕು ಸುತ್ತು ಓಡಿಸಿ ಬಿಸಿ ಮಾಡ್ತೀನಿ. ನಿಲ್ಲೋಕೆ ಬಿಡಲ್ಲ. ಹಿಂದೆ ಇದನ್ನೇ ಹಾಗೆ ಮಾರಿದ್ದು ನಾನೇ ತಾನೆ?"

ಹೇಳಿದ ಮೇಲೆ ಅವನಿಗೇ ಹೊಳೆಯಿತು. ತಾನು ಮಾಡಿದ್ದನ್ನೇ ಯಾರೋ ತನಗೆ ಮಾಡಿದ್ದರು. ಗಿಣಿ ಮಾತ್ರ ಬಿಡಲಿಲ್ಲ. "ಚಿಕ್ಕಪ್ಪ, ಹಾಗಾದ್ರೆ ಅದು ಮತ್ತೆ ನಮ್ಮನೇಗೇ ಬರುತ್ತಾ?"

ಯಾರೂ ನಗಲಿಲ್ಲ.

ಸಂತೆಯ ದಿನ ಬೆಳಿಗ್ಗೆ ಮೈದುನ ಹಗ್ಗ ಹಿಡಿದು ಲಾಯಕ್ಕೆ ಬಂದಾಗ ಅತ್ತೆ ಆಗಲೇ ಅಲ್ಲಿದ್ದಳು. ಹಿರಿಸೊಸೆ ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದು ನಿಂತಳು.

"ಹೊಲಕ್ಕೆ ಕರ್ಕೊಂಡು ಹೋಗಬೇಡ," ಎಂದಳು ಅತ್ತೆ. "ತಣ್ಣಗಿರೋ ಹಾಗೇ ಕರ್ಕೊಂಡು ಹೋಗು. ಕಲ್ಲಿನ ಮೇಲೆ ನಡೆಸಿ ತೋರಿಸು. ಕಾಲು ಹೀಗಿದೆ ಅಂತ ಬಾಯಿಬಿಟ್ಟು ಹೇಳು."

"ಅಮ್ಮಾ! ಯಾರು ಕೊಳ್ತಾರೆ ಆಮೇಲೆ? ಚರ್ಮದವನು!"

"ಅವನಿಗೆ ಕೊಡಬೇಡ. ಗಾಡಿಯವನು ಯಾರಾದ್ರೂ ಗೊತ್ತಿದ್ದೂ ಕೊಳ್ಳೋದಾದ್ರೆ ಕೊಡು. ಇಲ್ದಿದ್ರೆ ವಾಪಸ್ ಬಾ."

"ವಾಪಸ್ ಬಂದು? ಕೂರಿಸಿ ಮೇಯಿಸೋಣವಾ?"

"ಅರ್ಧ ಹೊರೆ ಹಾಕು. ಸಮ ನೆಲದ ಓಣಿ ಸಾಕು. ನಿನಗೂ ಕಾಲಿದೆಯಲ್ಲ, ನಡಿ."

"ನಿಮಗೇನಾಗಿದೆ ಅಮ್ಮಾ? ಮೊನ್ನೆ ಇದರ ಮುಖ ನೋಡಲ್ಲ ಅಂದ್ರಿ!"

"ಈಗಲೂ ನೋಡಲ್ಲ." ಅವಳು ಹಾಗೆಂದದ್ದು ಗೋಡೆಯ ಕಡೆ ತಿರುಗಿ. "ಮುಚ್ಚಿ ಮಾರಿದ್ರೆ ಇನ್ನೊಬ್ಬ ಇದನ್ನ ಇಳಿಜಾರಿಗೆ ಕಟ್ತಾನೆ. ಇನ್ನೊಂದು ಮನೇಲಿ ಇನ್ನೊಬ್ಬಳು ಒಲೆ ಮುಂದೆ ಕಿವಿ ಕೊಟ್ಟು ಕೂರೋದು ಬೇಡ. ನಮ್ಮನೇಲಿ ಒಬ್ಬಳು ಕೂತಿದ್ದು ಸಾಕು."

ಹಿರಿಸೊಸೆಯ ಕೊಡದಿಂದ ನೀರು ಚೆಲ್ಲಿ ಕಾಲು ತೋಯಿಸಿತು. ತಟ್ಟೆ ಹಾಕುವುದನ್ನು, ಎತ್ತಿಡುವುದನ್ನು ಅತ್ತೆ ಕಂಡಿಲ್ಲವೆಂದು ಅವಳು ತಿಳಿದಿದ್ದಳು.

ಮೈದುನ ಕುದುರೆಯನ್ನು ಹಿಡಿದು ಹೊರಟ. ಸದ್ದು ಓಣಿಯ ಕೊನೆಯವರೆಗೆ ಕುಂಟುತ್ತ ಹೋಗಿ ನಿಂತುಹೋಯಿತು.

ಆ ದಿನ ಮನೆಯಲ್ಲಿ ಕೆಲಸಗಳು ತಾವಾಗಿ ಮುಗಿದವು. ಬಟ್ಟೆ ಒಣಗಿತು, ನೆಲ ಒರೆಸಿಯಾಯಿತು. ಗಿಣಿ ಶಾಲೆಯಿಂದ ಬಂದು ಖಾಲಿ ಲಾಯವನ್ನು ನೋಡಿ, ಮೊದಲ ಸಲ ಏನೂ ಹೇಳದೆ ಒಳಗೆ ಬಂದಳು. ಸಂಜೆ ಮೂವರು ಹೆಂಗಸರೂ ಗಿಣಿಯೂ ಅಡುಗೆಮನೆಯಲ್ಲೇ ಕೂತಿದ್ದರು. ಈರುಳ್ಳಿ ಹೆಚ್ಚಿದ್ದಾಯಿತು. ಆಲೂಗಡ್ಡೆ ಬೆಂದಿತು. ಯಾರೂ ದೀಪ ಹಾಕಲಿಲ್ಲ.

ಆಗ ಕೇಳಿಸಿತು. ದೂರದಲ್ಲಿ, ಓಣಿಯ ತಿರುವಿನಲ್ಲಿ. ಮೂರು ಗಟ್ಟಿ, ಒಂದು ಮೆತ್ತಗೆ. ಅದರ ಪಕ್ಕದಲ್ಲಿ ಇನ್ನೊಂದು ಸದ್ದು, ಈ ವಾರಗಳಲ್ಲಿ ಒಂದು ಸಂಜೆಯೂ ಇರದಿದ್ದದ್ದು. ಎಡಗಡೆಯಲ್ಲಿ, ಅದರ ಹೆಜ್ಜೆಗೆ ತನ್ನ ಹೆಜ್ಜೆ ತಗ್ಗಿಸಿಕೊಂಡು, ದಣಿದ ಗಂಡಸೊಬ್ಬ ನಡೆದು ಬರುವ ಸದ್ದು.

ಅತ್ತೆಯ ಕತ್ತು ಬಾಗಿಲ ಕಡೆ ತಿರುಗಿತು.

"ಬಂದ," ಎಂದಳು. "ತಟ್ಟೆ ಹಾಕು."

ಹಿರಿಸೊಸೆ ಎದ್ದು ಬಾಣಲೆ ಇಟ್ಟಳು. ಅವಳ ಕೈ ಮೇಲಿನ ಹಲಗೆಗೆ ಹೋಯಿತು. ಈ ಸಲ ಕಿರಿಸೊಸೆ ಏನೂ ಕೇಳಲಿಲ್ಲ. ಮುಂದೆ ನಿಂತಿದ್ದ ಪಾತ್ರೆಗಳನ್ನು ಸರಿಸಿ ದಾರಿ ಮಾಡಿಕೊಟ್ಟಳು.

ಮೈದುನ ಕುದುರೆಯನ್ನು ಕಟ್ಟಿ, ಕೈಕಾಲು ತೊಳೆದು ಒಳಗೆ ಬಂದ. "ಒಬ್ಬನೂ ಮುಟ್ಟಲಿಲ್ಲ," ಎಂದು ಹೇಳಿ ಕುರ್ಚಿ ಎಳೆದುಕೊಂಡ. ಮುಂದಿದ್ದ ತಟ್ಟೆಯನ್ನು ನೋಡಿದ. ನೆಗ್ಗಿದ ಅಂಚಿನ ಮೇಲೆ ಬೆರಳಾಡಿಸಿದ. ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರೂ ಅದನ್ನು ತೆಗೆಯಲು ಬರಲಿಲ್ಲ.

"ಅತ್ತಿಗೆ," ಎಂದ ಕೊನೆಗೆ, "ಬಡಿಸಿ. ನಡೆದು ನಡೆದು ಹಸಿವಾಗಿದೆ."

ಬಾಣಲೆ ಕಾದಿತ್ತು.